ಅಡಿಕೆಯ ಅಣು, ಮೆದುಳಿನ ಮದ್ದು: ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಿಗೆ ಸಂಬಂಧಿಸಿದ ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

2024ರ ಸೆಪ್ಟೆಂಬರ್ 26ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಕಿಜೋಫ್ರೀನಿಯಾಕ್ಕೆ ಕೊಬೆನ್‌ಫಿ ಎಂಬ ಹೊಸ ಮದ್ದಿಗೆ ಅನುಮತಿ ಕೊಟ್ಟಿತು. ಅದರ ಒಂದೊಂದು ಕ್ಯಾಪ್ಸೂಲಿನಲ್ಲೂ ಕ್ಸಾನೋಮೆಲಿನ್ ಮತ್ತು ಟ್ರಾಸ್ಪಿಯಂ ಎಂಬ ಎರಡು ಔಷಧಗಳಿವೆ. 1950ರ ದಶಕದ ಕ್ಲೋರ್‌ಪ್ರೊಮಜಿನ್‌ನಿಂದ ಈಚೆಗೆ ಈ ಕಾಯಿಲೆಗೆ ಬಂದ ಮದ್ದುಗಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿ ಹಿಡಿದಿದ್ದವು. ಮೆದುಳಿನ ಡೋಪಮಿನ್ ಗ್ರಾಹಿಗಳನ್ನು ಹತೋಟಿಯಲ್ಲಿಡುವುದೇ ಅವುಗಳ ಮುಖ್ಯ ಕೆಲಸ. ಕ್ಸಾನೋಮೆಲಿನ್ ಡೋಪಮಿನ್ ಗ್ರಾಹಿಯನ್ನು ತಡೆಯುವುದಿಲ್ಲ. ಅದು ಅಸಿಟೈಲ್‌ಕೋಲಿನ್ ಎಂಬ ಬೇರೊಂದು ನರವಾಹಕದ ಮಸ್ಕರಿನಿಕ್ ಗ್ರಾಹಿಗಳನ್ನು ಪ್ರಚೋದಿಸುತ್ತದೆ.

ಈ ಸುದ್ದಿ ಪುತ್ತೂರು, ಸುಳ್ಯ, ಕಡಬಕ್ಕೆ ಸಂಬಂಧಿಸಿದ್ದು ಹೇಗೆ? ಕ್ಸಾನೋಮೆಲಿನ್‌ನ ರಾಸಾಯನಿಕ ಮೂಲ ಅರೆಕೋಲಿನ್. ಅರೆಕೋಲಿನ್ ಅಡಿಕೆಯ ಮುಖ್ಯ ಆಲ್ಕಲಾಯ್ಡ್. ಈ ಮೂರು ತಾಲ್ಲೂಕುಗಳಲ್ಲಿ ಅಡಿಕೆ ಬೆಳೆಯದ ಗ್ರಾಮ ಸಿಗುವುದು ಕಷ್ಟ. ಅಂಗಳದಲ್ಲಿ ಒಣಗುವ ಚಾಲಿಯೇ ಸಾವಿರಾರು ಮನೆಗಳ ವರ್ಷದ ಲೆಕ್ಕ. ಹೀಗಿರುವಾಗ ‘ಅಡಿಕೆಯಿಂದ ಮೆದುಳಿನ ಕಾಯಿಲೆಗೆ ಮದ್ದು’ ಎಂಬ ಮಾತು ಹಬ್ಬಲು ಹೆಚ್ಚು ದಿನ ಬೇಡ. ಆ ಮಾತಿನಲ್ಲಿ ನಿಜವೆಷ್ಟು, ಎಲ್ಲಿ ಅದು ತಪ್ಪು ದಾರಿಗೆ ಎಳೆಯುತ್ತದೆ, ಅಡಿಕೆ ಜಗಿಯುವ ಇಲ್ಲಿನ ರೋಗಿಗೆ ಅದರಿಂದ ತಿಳಿಯಬೇಕಾದ್ದೇನು ಎಂಬ ಮೂರು ಪ್ರಶ್ನೆಗಳು ಈ ಟಿಪ್ಪಣಿಯ ವ್ಯಾಪ್ತಿ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಅಡಿಕೆಯ ಅಣುಗಳಿಂದ ನರವಿಜ್ಞಾನ ಬಹಳ ಕಲಿತಿದೆ, ಕನಿಷ್ಠ ಎರಡು ಮದ್ದುಗಳು ಆ ಕಲಿಕೆಯ ಫಲ. ಆದರೆ ಎರಡೂ ಸಲ ಅಣುವನ್ನು ಬದಲಿಸಿದ ಮೇಲೆಯೇ ಅದು ಮದ್ದಾಯಿತು. ಅಡಿಕೆ ಜಗಿಯುವುದು ಚಿಕಿತ್ಸೆ ಎನ್ನಲು ಈ ಸಂಶೋಧನೆಯಲ್ಲಿ ಆಧಾರವಿಲ್ಲ. ಜಗಿಯುವ ರೋಗಿಯ ಮದ್ದಿನ ಮೇಲೆ ಅಡಿಕೆಯೂ ಪ್ರಭಾವ ಬೀರಬಲ್ಲದು ಎಂಬುದಕ್ಕೆ ಮಾತ್ರ ಆಧಾರವಿದೆ, ಮತ್ತು ನಮ್ಮಲ್ಲಿ ಹೆಚ್ಚು ಉಪೇಕ್ಷೆಗೆ ಒಳಗಾಗಿರುವುದು ಅದೇ.

2. ಅಡಿಕೆಯೊಳಗೆ ಇರುವುದೇನು

1888ರ ಸುಮಾರಿಗೆ ಜರ್ಮನಿಯ ರಸಾಯನಶಾಸ್ತ್ರಜ್ಞ ಯಾನ್ಸ್ ಅಡಿಕೆಯ ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿ ವರ್ಣಿಸಿದರು. ಮುಖ್ಯವಾದವು ನಾಲ್ಕು: ಅರೆಕೋಲಿನ್, ಅರೆಕೈಡಿನ್, ಗುವಾಕೋಲಿನ್, ಗುವಾಸಿನ್. ಅರೆಕೋಲಿನ್‌ನ ಪ್ರಮಾಣ ತಳಿ, ಬಲಿತ ಹಂತ, ಸಂಸ್ಕರಣೆಗಳಿಗೆ ತಕ್ಕಂತೆ ಬದಲಾಗುತ್ತದೆ. ಸಾಮಾನ್ಯವಾಗಿ ಒಣ ತೂಕದ ಶೇ. 1ಕ್ಕಿಂತ ಕಡಿಮೆ. ಮಲೆನಾಡಿನಲ್ಲಿ ಎಳೆಯ ಕಾಯಿಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುವಾಗ ಆಲ್ಕಲಾಯ್ಡ್‌ನ ಒಂದು ಪಾಲು ಬೇಯಿಸಿದ ನೀರಿಗೆ ಇಳಿಯುತ್ತದೆ. ದಕ್ಷಿಣ ಕನ್ನಡದ ಚಾಲಿಗೆ ಬೇಯಿಸುವ ಹಂತವೇ ಇಲ್ಲ. ಹಣ್ಣಡಿಕೆಯನ್ನು ಒಂದೂವರೆ ತಿಂಗಳಿನಷ್ಟು ಬಿಸಿಲಿಗೆ ಹರಡಿ, ಒಣಗಿದ ಮೇಲೆ ಸುಲಿಯುತ್ತಾರೆ. ಮಳೆಗಾಲಕ್ಕೆಂದು ನೀರಿನಲ್ಲಿ ಮುಳುಗಿಸಿಟ್ಟ ನೀರಡಿಕೆಯದು ಇನ್ನೊಂದು ಬಗೆ. ಆದ್ದರಿಂದ ‘ಅಡಿಕೆ’ ಎಂಬ ಒಂದೇ ಹೆಸರಿನಡಿ ಬಾಯಿಗೆ ಬೀಳುವ ಅರೆಕೋಲಿನ್ ಒಂದೇ ಅಳತೆಯದಲ್ಲ.

ಎಲೆಗೆ ಹಚ್ಚುವ ಸುಣ್ಣ ಇನ್ನೊಂದು ಬದಲಾವಣೆ ತರುತ್ತದೆ. ಅರೆಕೋಲಿನ್ ಅಣುವಿನ ಒಂದು ತುದಿಯಲ್ಲಿ ಮೀಥೈಲ್ ಎಸ್ಟರ್ ಗುಂಪಿದೆ. ಕ್ಷಾರದ ಸಂಪರ್ಕದಲ್ಲಿ ಆ ಎಸ್ಟರ್ ಒಡೆಯುತ್ತದೆ. ಅರೆಕೋಲಿನ್ ಅರೆಕೈಡಿನ್ ಆಗುತ್ತದೆ, ಗುವಾಕೋಲಿನ್ ಗುವಾಸಿನ್ ಆಗುತ್ತದೆ. ಒಡೆಯುವ ಮೊದಲಿನ ಮತ್ತು ಒಡೆದ ಮೇಲಿನ ಅಣುಗಳ ಸ್ವಭಾವ ತೀರ ಬೇರೆ. ಅರೆಕೋಲಿನ್ ಮಸ್ಕರಿನಿಕ್ ಗ್ರಾಹಿಗಳನ್ನು ಪ್ರಚೋದಿಸುತ್ತದೆ. ಅರೆಕೈಡಿನ್ ಮತ್ತು ಗುವಾಸಿನ್ ಗಾಬಾ ಎಂಬ ನರವಾಹಕವನ್ನು ನರಕೋಶಗಳು ಮರಳಿ ಹೀರಿಕೊಳ್ಳುವುದನ್ನು ತಡೆಯುತ್ತವೆ. ಮುಂದೆ ಬಂದ ಎರಡು ಮದ್ದುಗಳ ದಾರಿ ಕವಲೊಡೆಯುವುದು ಇಲ್ಲಿಯೇ.

3. ಮೊದಲ ಕವಲು: ಮೂರ್ಛೆರೋಗ

ಮೆದುಳಿನಲ್ಲಿ ಉದ್ರೇಕವನ್ನು ತಗ್ಗಿಸುವ ಮುಖ್ಯ ನರವಾಹಕ ಗಾಬಾ. ಅದು ನರಕೋಶಗಳ ನಡುವೆ ಹೆಚ್ಚು ಹೊತ್ತು ಉಳಿದರೆ ಮೂರ್ಛೆಯ ಅಲೆ ಹಬ್ಬುವುದು ಕಡಿಮೆಯಾಗಬೇಕು. ಅಡಿಕೆಯ ಅರೆಕೈಡಿನ್ ಮತ್ತು ಗುವಾಸಿನ್ ಗಾಬಾದ ಮರುಹೀರಿಕೆಯನ್ನು ತಡೆಯುತ್ತವೆ ಎಂದು 1975ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜಾನ್‌ಸ್ಟನ್, ಡೆನ್ಮಾರ್ಕಿನ ಕ್ರೋಗ್ಸ್‌ಗಾರ್ಡ್-ಲಾರ್ಸನ್ ಮತ್ತು ಸಂಗಡಿಗರು ವರದಿ ಮಾಡಿದರು. ಗುವಾಸಿನ್‌ಗೆ ಬಹು ಹತ್ತಿರದ ನಿಪೆಕೋಟಿಕ್ ಆಮ್ಲವೂ ಅದೇ ಕೆಲಸ ಮಾಡುತ್ತಿತ್ತು.

ತೊಡಕು ಒಂದಿತ್ತು. ಈ ಅಣುಗಳು ನೀರಿನಲ್ಲಿ ಸುಲಭವಾಗಿ ಕರಗುತ್ತವೆ, ವಿದ್ಯುದಂಶ ಹೊತ್ತಿರುತ್ತವೆ. ಹಾಗಾಗಿ ರಕ್ತದಿಂದ ಮೆದುಳಿಗೆ ದಾಟುವುದು ಬಹಳ ಕಡಿಮೆ. 1980ರ ದಶಕದಲ್ಲಿ ಔಷಧ ರಸಾಯನಜ್ಞರು ಇವುಗಳ ಸಾರಜನಕಕ್ಕೆ ಕೊಬ್ಬಿನಲ್ಲಿ ಕರಗಬಲ್ಲ ದೊಡ್ಡ ಬಾಲವೊಂದನ್ನು ಜೋಡಿಸಿದರು. ಆಗ ಅಣು ಮೆದುಳಿಗೆ ದಾಟಿತು, ಗಾಬಾ ಸಾಗಣೆಯನ್ನು ತಡೆಯುವ ಶಕ್ತಿಯೂ ಹೆಚ್ಚಿತು. ಈ ದಾರಿಯಲ್ಲಿ ನೊವೊ ನಾರ್ಡಿಸ್ಕ್ ರೂಪಿಸಿದ ಟಿಯಾಗಬಿನ್‌ಗೆ 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮೆದುಳಿನ ಒಂದು ಭಾಗದಲ್ಲಿ ಹುಟ್ಟುವ ಮೂರ್ಛೆಗೆ, ಬೇರೆ ಮದ್ದಿನ ಜೊತೆ ಹೆಚ್ಚುವರಿಯಾಗಿ ಕೊಡುವ ಔಷಧವಿದು.

ಟಿಯಾಗಬಿನ್‌ನ ಮುಂದಿನ ಕಥೆಯನ್ನೂ ಗಮನಿಸಬೇಕು. ಮೂರ್ಛೆರೋಗವಿಲ್ಲದವರಿಗೆ ಬೇರೆ ಕಾರಣಗಳಿಗೆ ಇದನ್ನು ಕೊಟ್ಟಾಗ ಕೆಲವರಲ್ಲಿ ಹೊಸದಾಗಿ ಮೂರ್ಛೆ ಕಾಣಿಸಿಕೊಂಡಿತು. 2005ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಒಬ್ಬರ ಮೂರ್ಛೆಯನ್ನು ತಡೆಯುವ ಮದ್ದೇ ಇನ್ನೊಬ್ಬರಲ್ಲಿ ಮೂರ್ಛೆ ತರಬಹುದು. ಅಳತೆ ಮಾಡಿ, ಪರೀಕ್ಷಿಸಿ ಮಾಡಿದ ಮದ್ದಿನ ಮಾತೇ ಹೀಗಿದ್ದರೆ, ಅಳತೆಯಿಲ್ಲದ ಜಗಿತದ ಬಗ್ಗೆ ಸಲೀಸಾಗಿ ಏನನ್ನೂ ಹೇಳಲಾಗದು.

4. ಎರಡನೇ ಕವಲು: ಮರೆವಿನ ಕಾಯಿಲೆಯಿಂದ ಸ್ಕಿಜೋಫ್ರೀನಿಯಾದವರೆಗೆ

1976ರಲ್ಲಿ ಡೇವೀಸ್ ಮತ್ತು ಮಲೋನಿ, ಆಲ್ಝೈಮರ್ ರೋಗಿಗಳ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ತೀರ ಕುಗ್ಗಿರುವುದನ್ನು ತೋರಿಸಿದರು. ಕೊರತೆ ಅಸಿಟೈಲ್‌ಕೋಲಿನ್‌ದಾದರೆ ಅದರಂತೆ ವರ್ತಿಸುವ ಅರೆಕೋಲಿನ್ ನೆರವಾದೀತೇ ಎಂಬ ಯೋಚನೆ ಸಹಜವಾಗಿಯೇ ಬಂತು. 1978ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸೀತಾರಾಮ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತ ಸ್ವಯಂಸೇವಕರಿಗೆ ಅರೆಕೋಲಿನ್ ಕೊಟ್ಟಾಗ ಪದಗಳ ಪಟ್ಟಿ ಕಲಿಯುವುದು ಸುಧಾರಿಸಿತು. ಮುಂದೆ ಆಲ್ಝೈಮರ್ ರೋಗಿಗಳಿಗೆ ರಕ್ತನಾಳದ ಮೂಲಕ ಅರೆಕೋಲಿನ್ ಹನಿಸಿದ ಸಣ್ಣ ಅಧ್ಯಯನಗಳು ನಡೆದವು. 1993ರಲ್ಲಿ ಸಾನ್‌ಕ್ರಾಂಟ್ ತಂಡ, ಬಹಳ ಕಡಿಮೆ ಪ್ರಮಾಣದ ನಿರಂತರ ಹನಿಯಲ್ಲಿ ನೆನಪಿನ ಪರೀಕ್ಷೆ ಸುಧಾರಿಸಿದ್ದನ್ನು ವರದಿ ಮಾಡಿತು.

ಈ ಪ್ರಯೋಗಗಳಲ್ಲಿ ಅಡಿಕೆಯನ್ನು ಯಾರೂ ಜಗಿಯಲಿಲ್ಲ. ಶುದ್ಧ ಅರೆಕೋಲಿನ್ ಸೂಜಿಯ ಮೂಲಕ, ಅಳೆದ ಪ್ರಮಾಣದಲ್ಲಿ ಹೋಯಿತು. ಅಷ್ಟಾದರೂ ಅದು ಮದ್ದಾಗಲಿಲ್ಲ. ಅದೇ ಎಸ್ಟರ್ ದೇಹದಲ್ಲೂ ಒಡೆಯುವುದರಿಂದ ಅರೆಕೋಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ಸಾಲದ್ದಕ್ಕೆ ಮಸ್ಕರಿನಿಕ್ ಗ್ರಾಹಿಗಳಲ್ಲಿ ಐದು ಬಗೆ. ಅರೆಕೋಲಿನ್ ಅವನ್ನೆಲ್ಲ ತಟ್ಟುತ್ತದೆ. ಮೆದುಳಿನಲ್ಲಿ ಬೇಕಾದದ್ದು ಮುಖ್ಯವಾಗಿ ಎಂ1 ಮತ್ತು ಎಂ4. ಎಂ2 ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಎಂ3 ಜೊಲ್ಲು, ಬೆವರು, ಕರುಳಿನ ಚಲನೆಯನ್ನು ಹೆಚ್ಚಿಸುತ್ತದೆ. ಅಡಿಕೆ ಸೊಕ್ಕಿದಾಗ ಮೈ ಬೆವರುವುದು, ಬಾಯಲ್ಲಿ ನೀರೂರುವುದು, ತಲೆ ತಿರುಗುವುದು, ಎದೆ ಹಿಡಿದಂತಾಗುವುದು ಈ ಕಡೆಯವರಿಗೆ ಗೊತ್ತಿರುವ ಅನುಭವ. ಔಷಧಶಾಸ್ತ್ರದ ಕಣ್ಣಿಗೆ ಅದು ಬೇಡದ ಗ್ರಾಹಿಗಳನ್ನೂ ತಟ್ಟಿದ್ದರ ಗುರುತು.

1990ರ ದಶಕದ ಆರಂಭದಲ್ಲಿ ನೊವೊ ನಾರ್ಡಿಸ್ಕ್‌ನ ಸಾವರ್‌ಬರ್ಗ್ ಮತ್ತು ಸಂಗಡಿಗರು, ಲಿಲ್ಲಿ ಕಂಪನಿಯ ಜೊತೆಗೂಡಿ, ಒಡೆಯುವ ಆ ಎಸ್ಟರನ್ನೇ ತೆಗೆದುಹಾಕಿದರು. ಅದರ ಜಾಗದಲ್ಲಿ ಗಂಧಕ ಮತ್ತು ಸಾರಜನಕವಿರುವ ಥಯಾಡಯಜೋಲ್ ಎಂಬ ಗಟ್ಟಿ ಉಂಗುರವನ್ನೂ, ಅದಕ್ಕೆ ಆರು ಇಂಗಾಲದ ಸರಪಳಿಯನ್ನೂ ಜೋಡಿಸಿದರು. ಅರೆಕೋಲಿನ್‌ನ ಮೂಲ ಉಂಗುರ ಮಾತ್ರ ಹಾಗೆಯೇ ಉಳಿಯಿತು. ಹೀಗೆ ಹುಟ್ಟಿದ್ದು ಕ್ಸಾನೋಮೆಲಿನ್. ಇದು ಎಂ1, ಎಂ4ಗಳ ಮೂಲಕ ಹೆಚ್ಚು ಕೆಲಸ ಮಾಡುತ್ತದೆ.

1997ರಲ್ಲಿ ಬೋಡಿಕ್ ಮತ್ತು ಸಂಗಡಿಗರು 343 ಆಲ್ಝೈಮರ್ ರೋಗಿಗಳ ಮೇಲೆ ಆರು ತಿಂಗಳು ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಬುದ್ಧಿಶಕ್ತಿಯ ಅಂಕಗಳು ಸ್ವಲ್ಪ ಸುಧಾರಿಸಿದವು. ಅದಕ್ಕಿಂತ ಗಮನ ಸೆಳೆದದ್ದು, ಇಲ್ಲದ್ದು ಕಾಣುವ ಭ್ರಮೆ, ಸಂಶಯ, ಕೆರಳುವಿಕೆ ಪ್ರಮಾಣಕ್ಕೆ ತಕ್ಕಂತೆ ಇಳಿದದ್ದು. ಆದರೆ ಹೆಚ್ಚಿನ ಪ್ರಮಾಣದ ಗುಂಪಿನಲ್ಲಿ ಶೇ. 52ರಷ್ಟು ಮಂದಿ ಅಡ್ಡ ಪರಿಣಾಮ ತಾಳಲಾರದೆ ಮದ್ದು ಬಿಟ್ಟರು. ಹೆಚ್ಚಿನ ತೊಂದರೆ ಹೊಟ್ಟೆ-ಕರುಳಿನದು; ಶೇ. 12.6ರಷ್ಟು ಮಂದಿಗೆ ಪ್ರಜ್ಞೆ ತಪ್ಪಿತ್ತು. 2008ರಲ್ಲಿ ಶೇಖರ್ ತಂಡ 20 ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ ನಡೆಸಿದ ನಾಲ್ಕು ವಾರದ ಪ್ರಯೋಗವೂ ಭರವಸೆ ಮೂಡಿಸಿತು. ಆದರೂ ಅಡ್ಡ ಪರಿಣಾಮದ ಗೋಡೆ ಹಾಗೆಯೇ ಇತ್ತು.

ಆ ಗೋಡೆಯನ್ನು ದಾಟಿಸಿದ್ದು ಟ್ರಾಸ್ಪಿಯಂ. ಪದೇ ಪದೇ ಮೂತ್ರಕ್ಕೆ ಹೋಗುವ ತೊಂದರೆಗೆ ಮೊದಲಿನಿಂದ ಬಳಕೆಯಲ್ಲಿದ್ದ ಮದ್ದು ಅದು. ಮಸ್ಕರಿನಿಕ್ ಗ್ರಾಹಿಗಳನ್ನು ಅದು ತಡೆಯುತ್ತದೆ, ಆದರೆ ಮೆದುಳಿಗೆ ದಾಟುವುದು ತೀರ ಕಡಿಮೆ. ತೋಟಕ್ಕೆ ನೀರು ಬಿಡುವಾಗ ಬೇಡದ ಕಣಿಗಳಿಗೆ ಮಣ್ಣಿನ ಒಡ್ಡು ಕಟ್ಟುವಂತೆ, ಹೊಟ್ಟೆ, ಕರುಳು, ಹೃದಯದ ಕಡೆ ಟ್ರಾಸ್ಪಿಯಂ ಅಡ್ಡ ನಿಲ್ಲುತ್ತದೆ. ಮೆದುಳಿನಲ್ಲಿ ಕ್ಸಾನೋಮೆಲಿನ್ ತನ್ನ ಕೆಲಸ ಮಾಡುತ್ತದೆ.

5. ಇತ್ತೀಚಿನ ಫಲಿತಾಂಶಗಳನ್ನು ಓದುವ ಬಗೆ

ಈ ಜೋಡಿಯನ್ನು ಎಮರ್ಜೆಂಟ್ ಹೆಸರಿನ ಪ್ರಯೋಗ ಸರಣಿಯಲ್ಲಿ ಪರೀಕ್ಷಿಸಲಾಯಿತು. ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದವರಿಗೆ ಐದು ವಾರ ಮದ್ದು ಅಥವಾ ಪ್ಲಾಸಿಬೊ (ಮದ್ದಿಲ್ಲದ ತೋರಿಕೆಯ ಗುಳಿಗೆ) ಕೊಟ್ಟು, ಪಾನ್ಸ್ ಎಂಬ ಲಕ್ಷಣಗಳ ಅಂಕಪಟ್ಟಿಯಲ್ಲಿ ಇಳಿಕೆಯನ್ನು ಅಳೆದರು. 2021ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ 182 ಮಂದಿ. ಅಂಕ ಇಳಿದದ್ದು ಮದ್ದಿನ ಗುಂಪಿನಲ್ಲಿ 17.4, ಪ್ಲಾಸಿಬೊದಲ್ಲಿ 5.9. 2024ರಲ್ಲಿ ಬಂದ ಎರಡನೆಯದರಲ್ಲಿ 252 ಮಂದಿ, 21.2ಕ್ಕೆ ಎದುರಾಗಿ 11.6. ಮೂರನೆಯದರಲ್ಲಿ 256 ಮಂದಿ; 20.6ಕ್ಕೆ ಎದುರಾಗಿ 12.2. ಮೂರೂ ಪ್ರಯೋಗಗಳು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಹಳೆಯ ಮದ್ದುಗಳಲ್ಲಿ ಸಾಮಾನ್ಯವಾದ ಕೈಕಾಲು ಬಿಗಿತ, ನಡುಕ, ತೂಕ ಏರಿಕೆ, ಅತಿಯಾದ ನಿದ್ದೆ ಇಲ್ಲಿ ದೊಡ್ಡ ಸಮಸ್ಯೆಯಾಗಿಲ್ಲ. ವಾಕರಿಕೆ, ವಾಂತಿ, ಅಜೀರ್ಣ, ಮಲಬದ್ಧತೆ, ನಾಡಿ ಬಡಿತ ಮತ್ತು ರಕ್ತದೊತ್ತಡದ ಏರಿಕೆ ಕಂಡುಬಂದಿವೆ. ಯಕೃತ್ತಿನ ತೊಂದರೆ ಇರುವವರಿಗೂ ಮೂತ್ರ ಕಟ್ಟುವವರಿಗೂ ಇದು ಸಲ್ಲದು.

ಈ ಅಂಕಿಗಳ ಮಿತಿಯನ್ನೂ ಹೇಳಲೇಬೇಕು. ಸ್ಕಿಜೋಫ್ರೀನಿಯಾ ಹಲವರಿಗೆ ಜೀವನವಿಡೀ ಜೊತೆಗಿರುವ ಕಾಯಿಲೆ. ಐದು ವಾರ ಚಿಕ್ಕ ಅವಧಿ. ಹೋಲಿಕೆ ನಡೆದದ್ದು ಪ್ಲಾಸಿಬೊ ಜೊತೆಗೆ, ಈಗ ಬಳಕೆಯಲ್ಲಿರುವ ಒಳ್ಳೆಯ ಮದ್ದಿನ ಜೊತೆಗಲ್ಲ. ಹಳೆಯ ಮದ್ದಿಗೆ ಸಾಕಷ್ಟು ಜಗ್ಗದ ರೋಗಿಗಳಿಗೆ ಇದನ್ನು ಹೆಚ್ಚುವರಿಯಾಗಿ ಕೊಟ್ಟು ನೋಡಿದ ಅರೈಸ್ ಪ್ರಯೋಗ ತನ್ನ ಮುಖ್ಯ ಗುರಿಯನ್ನು ತಲುಪಲಿಲ್ಲ ಎಂದು ಅದನ್ನು ತಯಾರಿಸುವ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪನಿಯೇ 2025ರ ಏಪ್ರಿಲ್‌ನಲ್ಲಿ ತಿಳಿಸಿತು. ಆಲ್ಝೈಮರ್ ರೋಗಿಗಳ ಭ್ರಮೆ, ಸಂಶಯಗಳಿಗೆ ಅಡೆಪ್ಟ್ ಹೆಸರಿನ ಪ್ರತ್ಯೇಕ ಪ್ರಯೋಗಗಳನ್ನು ಕೈಗೊಳ್ಳಲಾಗಿದೆ. ಮರೆವಿನ ಕಾಯಿಲೆಗೆ ಮದ್ದು ಸಿಕ್ಕಿತು ಎನ್ನುವ ಹಂತ ಇದಲ್ಲ.

ಬೆಳೆಗಾರರಿಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗಕ್ಕೆ ತೋಟಗಳೇ ಸೋತಿವೆ. ಎಲೆಚುಕ್ಕಿ, ಕೊಳೆರೋಗ ಬೇರೆ. ಅಡಿಕೆಗೆ ಹೊಸ ಬಳಕೆ ಹುಡುಕುವ ಕಾತರ ನ್ಯಾಯವಾದದ್ದು. ಆದರೆ ಕ್ಸಾನೋಮೆಲಿನ್ ಮತ್ತು ಟಿಯಾಗಬಿನ್ ಎರಡೂ ಪೂರ್ತಿಯಾಗಿ ಕಾರ್ಖಾನೆಯಲ್ಲಿ ಸಂಶ್ಲೇಷಿಸುವ ಅಣುಗಳು. ಅವುಗಳಿಗೆ ಒಂದು ಕಿಲೋ ಚಾಲಿಯೂ ಬೇಕಾಗುವುದಿಲ್ಲ. ಕ್ಸಾನೋಮೆಲಿನ್-ಟ್ರಾಸ್ಪಿಯಂ ಜೋಡಿಯನ್ನು ಬೆಳೆಸಿದ ಕರುಣಾ ಥೆರಪ್ಯೂಟಿಕ್ಸ್ ಕಂಪನಿಯನ್ನು 1,400 ಕೋಟಿ ಡಾಲರಿಗೆ ಕೊಳ್ಳುವುದಾಗಿ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ 2023ರ ಡಿಸೆಂಬರಿನಲ್ಲಿ ಘೋಷಿಸಿದ್ದು ಈ ಮದ್ದಿಗಾಗಿಯೇ. ಆ ಮೌಲ್ಯ ಅಣುವಿನ ವಿನ್ಯಾಸಕ್ಕೂ ಪ್ರಯೋಗಗಳ ದಾಖಲೆಗೂ ಸಂದದ್ದು. ಅಡಿಕೆಯ ಧಾರಣೆಗೆ ಅದರಿಂದ ಏನೂ ಬರುವುದಿಲ್ಲ. ಬೆಳೆಗಾರರಿಗೆ ಸುಳ್ಳು ಆಸೆ ಹುಟ್ಟಿಸುವುದು ಅವರಿಗೆ ಮಾಡುವ ಉಪಕಾರವಲ್ಲ.

6. ಜಗಿಯುವವರ ಮೇಲಿನ ಅಧ್ಯಯನ: ಪಲಾವ್

ಶುದ್ಧ ಅಣುವನ್ನು ಬಿಟ್ಟು, ಅಡಿಕೆ ಜಗಿಯುವ ರೋಗಿಗಳನ್ನೇ ನೋಡಿದ ಅಧ್ಯಯನವೊಂದು ಶಾಂತಸಾಗರದ ಪಲಾವ್ ದ್ವೀಪರಾಷ್ಟ್ರದಿಂದ ಬಂದಿದೆ. ಸಲಿವನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 65 ಸ್ಕಿಜೋಫ್ರೀನಿಯಾ ರೋಗಿಗಳಿದ್ದರು. 40 ಮಂದಿ ಜಗಿಯುವವರು, 25 ಮಂದಿ ಜಗಿಯದವರು. ಜಗಿಯುವವರ ಕಾಯಿಲೆಯ ಲಕ್ಷಣಗಳ ಅಂಕ ಗಣನೀಯವಾಗಿ ಕಡಿಮೆ ಇತ್ತು. ಕ್ಸಾನೋಮೆಲಿನ್‌ನ ಈಗಿನ ಗೆಲುವಿನ ಬೆಳಕಿನಲ್ಲಿ ಈ ಫಲಿತಾಂಶ ಆಕರ್ಷಕವಾಗಿ ಕಾಣುತ್ತದೆ.

ಆದರೆ ಇದು ಒಂದು ಹೊತ್ತಿನಲ್ಲಿ ತೆಗೆದ ಚಿತ್ರ. ಜಗಿದದ್ದರಿಂದ ಲಕ್ಷಣ ಇಳಿಯಿತೋ, ಲಕ್ಷಣ ಕಡಿಮೆ ಇರುವವರು ನಾಲ್ಕು ಜನರೊಂದಿಗೆ ಬೆರೆತು ಜಗಿಯುತ್ತಾರೋ ಎಂಬುದನ್ನು ಇಂಥ ಅಧ್ಯಯನ ಬೇರ್ಪಡಿಸಲಾರದು. ನಮ್ಮಲ್ಲೂ ಎಲೆಯಡಿಕೆಯ ಹರಿವಾಣ ಜನ ಕೂಡಿದಲ್ಲಿ ಇರುವ ವಸ್ತು. ಕಾಯಿಲೆ ಹೆಚ್ಚಾಗಿ ಕೋಣೆ ಸೇರಿದವನ ಕೈಗೆ ಅದು ಬಾರದೆಯೂ ಇರಬಹುದು. ಹೊಗೆಸೊಪ್ಪಿನ ಬಳಕೆ, ಮದ್ದನ್ನು ನಿಯಮದಿಂದ ನುಂಗುವುದು, ಮನೆಯವರ ಆರೈಕೆ, ಇವೆಲ್ಲ ಲೆಕ್ಕ ಕೆಡಿಸಬಲ್ಲವು. ಆದ್ದರಿಂದ ಪಲಾವ್ ಅಧ್ಯಯನ ಒಂದು ಪ್ರಶ್ನೆಯನ್ನು ಎತ್ತಿದೆ ಎನ್ನಬಹುದು. ಉತ್ತರ ಕೊಟ್ಟಿದೆ ಎನ್ನಲಾಗದು.

ಇನ್ನೊಂದು ತಟ್ಟೆಯಲ್ಲಿರುವ ಪುರಾವೆ ಇದಕ್ಕಿಂತ ಬಹಳ ಭಾರದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ 85ನೇ ಸಂಪುಟದಲ್ಲಿ ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿತು. ಅರೆಕೋಲಿನನ್ನು ಪ್ರತ್ಯೇಕವಾಗಿ ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದು’ ಎಂಬ 2ಬಿ ಗುಂಪಿನಲ್ಲಿಟ್ಟಿದೆ. ಬಾಯಿಯ ಒಳಪದರ ಬಿಗಿದು ಬಾಯಿ ತೆರೆಯಲಾಗದಂತೆ ಮಾಡುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ ಅಡಿಕೆಯೇ ಮುಖ್ಯ ಕಾರಣ. ಲಕ್ಷಣದ ಅಂಕ ಇಳಿದೀತೆಂಬ ಊಹೆಗೆ ರೋಗಿಯೊಬ್ಬ ಈ ಅಪಾಯ ಹೊರಬೇಕೆಂದು ಯಾವ ವೈದ್ಯರೂ ಹೇಳಲಾರರು.

7. ಇಲ್ಲಿನ ರೋಗಿಗೆ ಇದರಿಂದ ತಿಳಿಯಬೇಕಾದ್ದು

ಈ ಟಿಪ್ಪಣಿಯ ಮುಖ್ಯ ಭಾಗ ಇದು. ಡೋಪಮಿನ್ ತಡೆಯುವ ಹಳೆಯ ಮದ್ದುಗಳು ಕೆಲವರಲ್ಲಿ ಪಾರ್ಕಿನ್ಸನ್ ಕಾಯಿಲೆಯಂಥ ಬಿಗಿತ, ನಡುಕ ತರುತ್ತವೆ. ಅದನ್ನು ತಗ್ಗಿಸಲು ವೈದ್ಯರು ಟ್ರೈಹೆಕ್ಸಿಫೆನಿಡಿಲ್ ಗುಳಿಗೆ ಬರೆಯುತ್ತಾರೆ. ಪ್ಯಾಸಿಟೇನ್ ಎಂಬ ಹೆಸರಿನಲ್ಲಿ ಹಲವು ಮನೆಗಳಿಗೆ ಪರಿಚಿತವಾದ ಮದ್ದಿದು. ಮೆದುಳಿನ ಮಸ್ಕರಿನಿಕ್ ಗ್ರಾಹಿಗಳನ್ನು ತಡೆಯುವುದೇ ಇದರ ಕೆಲಸ. ಅರೆಕೋಲಿನ್ ಅದೇ ಗ್ರಾಹಿಗಳನ್ನು ಪ್ರಚೋದಿಸುತ್ತದೆ. ಒಂದೇ ದೇಹದಲ್ಲಿ ಎರಡೂ ಎದುರುಬದುರಾದರೆ ಏನಾಗುತ್ತದೆ ಎಂಬುದಕ್ಕೆ ಡೀಲ್ 1989ರಲ್ಲಿ ‘ಮೂವ್‌ಮೆಂಟ್ ಡಿಸಾರ್ಡರ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ ಇಬ್ಬರು ರೋಗಿಗಳು ಸಾಕ್ಷಿ. ಇದೇ ಬಗೆಯ ಪ್ರೊಸೈಕ್ಲಿಡಿನ್ ತೆಗೆದುಕೊಳ್ಳುತ್ತಿದ್ದ ಅವರಲ್ಲಿ ಅಡಿಕೆಯನ್ನು ವಿಪರೀತ ಜಗಿದ ಮೇಲೆ ಬಿಗಿತದ ಲಕ್ಷಣಗಳು ತೀವ್ರವಾದವು. ಇಬ್ಬರ ವರದಿಯಿಂದ ಸಾಮಾನ್ಯ ನಿಯಮ ಕಟ್ಟಲಾಗದು, ನಿಜ. ಆದರೆ ಇದರ ಹಿಂದಿನ ಔಷಧಶಾಸ್ತ್ರ ಸ್ಪಷ್ಟವಾಗಿದೆ. ಅಡಿಕೆ ಜಗಿಯುವವರ ಸಂಖ್ಯೆ ದೊಡ್ಡದಿರುವ ಊರಿನಲ್ಲಿ ಇದನ್ನು ಅಪರೂಪದ ಸಂಗತಿಯೆಂದು ಬದಿಗಿಡುವಂತಿಲ್ಲ.

ಇದೇ ತರ್ಕ ಇನ್ನೂ ಎರಡು ಕಡೆ ಅನ್ವಯಿಸುತ್ತದೆ. ಮರೆವಿನ ಕಾಯಿಲೆಗೆ ಕೊಡುವ ಡೊನೆಪಿಜಿಲ್ ಅಸಿಟೈಲ್‌ಕೋಲಿನ್ ಹೆಚ್ಚಿಸುವ ಮದ್ದು. ಜೊತೆಗೆ ಅಡಿಕೆಯೂ ಸೇರಿದರೆ ವಾಕರಿಕೆ, ನಿಧಾನ ನಾಡಿ, ತಲೆಸುತ್ತು ಹೆಚ್ಚಬಹುದೆಂಬ ಎಚ್ಚರ ವಯಸ್ಸಾದವರ ಮನೆಯಲ್ಲಿ ಇರಬೇಕು. ಎರಡನೆಯದು, ಜಗಿತ ಫಕ್ಕನೆ ನಿಲ್ಲುವ ಸಂದರ್ಭ. ಅರೆಕೋಲಿನ್ ಕೆಲವು ನಿಕೋಟಿನಿಕ್ ಗ್ರಾಹಿಗಳ ಮೇಲೂ ಕೆಲಸ ಮಾಡುತ್ತದೆಂದು 2015ರಲ್ಲಿ ಪಾಪ್ಕೆ ಮತ್ತು ಸಂಗಡಿಗರು ತೋರಿಸಿದ್ದಾರೆ. ಚಟ ಅಂಟುವುದಕ್ಕೆ ಅದೂ ಒಂದು ಕಾರಣವಿರಬಹುದು. ದಿನವಿಡೀ ಜಗಿಯುತ್ತಿದ್ದವರು ಆಸ್ಪತ್ರೆ ಸೇರಿ ಒಮ್ಮೆಲೇ ಬಿಟ್ಟಾಗ, ಇಲ್ಲವೇ ಮನೆಗೆ ಮರಳಿ ಮತ್ತೆ ಶುರು ಮಾಡಿದಾಗ, ಮದ್ದಿನ ಪರಿಣಾಮ ಬದಲಾದಂತೆ ಕಾಣಬಹುದು.

ಆದ್ದರಿಂದ ಸಲಹೆ ಸರಳ. ನರ ಅಥವಾ ಮನಸ್ಸಿನ ಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು ತಾವು ಅಡಿಕೆ ಜಗಿಯುವ ವಿಷಯವನ್ನು ವೈದ್ಯರಿಗೆ ಹೇಳಬೇಕು. ವೈದ್ಯರು ಬೀಡಿ, ಮದ್ಯದ ಬಗ್ಗೆ ಕೇಳುವಂತೆ ಅಡಿಕೆಯ ಬಗ್ಗೆಯೂ ಕೇಳಬೇಕು. ಮದ್ದನ್ನು ತಾವಾಗಿ ನಿಲ್ಲಿಸುವುದಾಗಲಿ, ಅದರ ಬದಲು ಅಡಿಕೆ ಜಗಿಯುವುದಾಗಲಿ ಯಾವ ಕಾರಣಕ್ಕೂ ಕೂಡದು.

8. ಮಾಡಬೇಕಾದ ಅಧ್ಯಯನ

ಈ ವಿಷಯವನ್ನು ಅಧ್ಯಯನ ಮಾಡಲು ಈ ಮೂರು ತಾಲ್ಲೂಕುಗಳಿಗಿಂತ ತಕ್ಕ ಜಾಗ ಸಿಗುವುದು ಅಪರೂಪ. ಸುಳ್ಯದಲ್ಲಿ ಕೆವಿಜಿ ವೈದ್ಯಕೀಯ ಕಾಲೇಜಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮಾನಸಿಕ ಆರೋಗ್ಯ ನೋಡುವ ಮನೋಚೈತನ್ಯ ಕ್ಲಿನಿಕ್‌ಗಳ ವ್ಯವಸ್ಥೆಯಿದೆ. ಪುತ್ತೂರಿನ ಪಕ್ಕದ ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಿಕೆ ಸಂಶೋಧನಾ ಕೇಂದ್ರ ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐನ ಪ್ರಾದೇಶಿಕ ಕೇಂದ್ರವಾಗಿದೆ. ಕಡಬ ತಾಲ್ಲೂಕಿನ ಕಿದುವಿನಲ್ಲೂ ಅದೇ ಸಂಸ್ಥೆಯ ಕೇಂದ್ರವಿದೆ.

ದೊಡ್ಡ ಖರ್ಚಿಲ್ಲದೆ ಮಾಡಬಹುದಾದ ಮೊದಲ ಹೆಜ್ಜೆ, ರೋಗಿಯ ದಾಖಲೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಸೇರಿಸುವುದು. ಅಡಿಕೆ ಜಗಿಯುತ್ತೀರಾ, ದಿನಕ್ಕೆ ಎಷ್ಟು ಸಲ? ಹಸಿ ಅಡಿಕೆಯೋ, ಚಾಲಿಯೋ, ನೀರಡಿಕೆಯೋ? ಸುಣ್ಣ ಹಾಕುತ್ತೀರಾ? ಹೊಗೆಸೊಪ್ಪು ಇದೆಯೇ? ಬಿಗಿತ ಮತ್ತು ನಡುಕದ ಅಂಕಗಳನ್ನೂ ಮದ್ದಿನ ಪ್ರಮಾಣವನ್ನೂ ಈ ಉತ್ತರಗಳ ಜೊತೆ ಆರು ತಿಂಗಳಿಗೊಮ್ಮೆ ಬರೆದಿಟ್ಟರೆ, ಪಲಾವ್ ಅಧ್ಯಯನಕ್ಕೆ ಸಾಧ್ಯವಾಗದ ಕಾಲಕ್ರಮದ ಹೋಲಿಕೆ ಇಲ್ಲಿ ಸಾಧ್ಯವಾಗುತ್ತದೆ. ಎರಡನೇ ಹೆಜ್ಜೆ, ಇಲ್ಲಿ ನಿಜವಾಗಿ ಜಗಿಯುವ ಬಗೆಗಳಲ್ಲಿ, ಸುಣ್ಣದೊಂದಿಗೆ ಮತ್ತು ಸುಣ್ಣವಿಲ್ಲದೆ, ನಾಲ್ಕೂ ಆಲ್ಕಲಾಯ್ಡ್‌ಗಳ ಪ್ರಮಾಣವನ್ನು ಅಳೆಯುವುದು. ಅಡಿಕೆ ತಿನ್ನಿಸಿ ನೋಡುವ ಪ್ರಯೋಗ ನೈತಿಕವಾಗಿ ಸಲ್ಲದು, ಅದರ ಅಗತ್ಯವೂ ಇಲ್ಲ. ಈಗಾಗಲೇ ಜಗಿಯುತ್ತಿರುವವರ, ಬಿಡಲು ಯತ್ನಿಸುತ್ತಿರುವವರ ದಾಖಲೆಯೇ ಸಾಕು.

ಅಡಿಕೆಯನ್ನು ವಿಷವೆಂದು ಬಯ್ಯುವವರಿಗೂ ಅಮೃತವೆಂದು ಹೊಗಳುವವರಿಗೂ ಈ ಸಂಶೋಧನೆಯ ಅರ್ಧರ್ಧ ಭಾಗ ಅನುಕೂಲವಾಗಿ ಒದಗುತ್ತದೆ. ಬೆಳೆಗಾರರಿಗೂ ರೋಗಿಗಳಿಗೂ ಸಿಗಬೇಕಾದದ್ದು ಪೂರ್ತಿ ಭಾಗ: ಅಡಿಕೆಯ ಅಣು ಮೆದುಳನ್ನು ಅರಿಯಲು ದಾರಿ ತೋರಿಸಿದೆ, ಅದನ್ನು ಬದಲಿಸಿ ಮಾಡಿದ ಮದ್ದುಗಳು ನಿಜವಾಗಿ ಕೆಲಸ ಮಾಡುತ್ತವೆ, ಜಗಿಯುವ ಅಡಿಕೆ ಆ ಮದ್ದಾಗಲಾರದು, ಜಗಿಯುವವರ ಚಿಕಿತ್ಸೆಯಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ತೊಂದರೆಯಾಗುವುದು ರೋಗಿಗೇ. ಆ ನಾಲ್ಕು ಪ್ರಶ್ನೆಗಳನ್ನು ದಾಖಲೆಗೆ ಸೇರಿಸಲು ಹೊಸ ಯಂತ್ರವಾಗಲಿ ಹೊಸ ಅನುದಾನವಾಗಲಿ ಬೇಕಿಲ್ಲ. ಈ ಮೂರು ತಾಲ್ಲೂಕುಗಳ ಆಸ್ಪತ್ರೆಗಳು ಈ ವರ್ಷವೇ ಅದನ್ನು ಆರಂಭಿಸಬಹುದು.